ಧೂಮಪಾನ ಬಿಟ್ಟ ಮೂರನೆಯ ದಿನ

ಕಾಲಿಗೆ ಚುಚ್ಚಿದ ಮುಳ್ಳನ್ನು ಕಿತ್ತರೆ ನೋವು ಇಳಿಯುತ್ತದೆ. ಹಾಗೆಯೇ ಕೇಡು ಮಾಡುವ ಚಟವೊಂದನ್ನು ಬಿಟ್ಟವನಿಗೆ ಒಡನೆಯೇ ಆರಾಮವೆನಿಸಬೇಕೆಂದು ನಾವು ನಿರೀಕ್ಷಿಸುವುದು ಸಹಜ. ಆದರೆ ಬೀಡಿ ಸಿಗರೇಟುಗಳನ್ನು ಬಿಟ್ಟವರ ಅನುಭವ ಇದಕ್ಕೆ ವಿರುದ್ಧವಾದುದು. ಸೇದುತ್ತಿದ್ದಾಗ ಇಲ್ಲದಿದ್ದ ತಲೆನೋವು, ತಲೆಸುತ್ತು, ಸಿಡುಕು, ನಿದ್ರಾಹೀನತೆ, ಮಲಬದ್ಧತೆ, ಕೆಮ್ಮು ಇವೆಲ್ಲ ಬಿಟ್ಟ ಮೇಲೆ ಒಂದೊಂದಾಗಿ ತಲೆಯೆತ್ತುತ್ತವೆ. "ಹೊಗೆ ನನ್ನ ಮೈಗೆ ಒಗ್ಗಿಹೋಗಿದೆ, ಬಿಟ್ಟರೇ ಕಾಯಿಲೆ" ಎಂದು ತೀರ್ಮಾನಿಸಿ ಮತ್ತೆ ಬೆಂಕಿಕಡ್ಡಿ ಗೀರುವವರು ಬಹು ಮಂದಿ. ಈ ತೀರ್ಮಾನದಲ್ಲಿರುವ ತಪ್ಪೇನು ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಆ ತಪ್ಪಿನಲ್ಲಿ ನಮಗೂ ಒಮ್ಮೆ ಪಾಲಿತ್ತು. ನಮ್ಮ ಪ್ರಯೋಗಶಾಲೆಯ ಸಹಾಯಕರೊಬ್ಬರು ಇಪ್ಪತ್ತು ವರ್ಷಗಳಿಂದ ಬೀಡಿ ಸೇದುತ್ತಿದ್ದವರು. ವೈದ್ಯರ ಮಾತಿಗೆ ಕಟ್ಟುಬಿದ್ದು ಒಂದು ಸೋಮವಾರ ಅದನ್ನು ಬಿಟ್ಟರು. ಬುಧವಾರ ರೋಹಿತಮಾಪಕವನ್ನು ಹೊಂದಿಸಲು ಕುಳಿತಾಗ ಅವರ ಗಮನ ಒಂದೆಡೆ ನಿಲ್ಲಲಿಲ್ಲ; ಒಂದೇ ಅಳತೆಯನ್ನು ಮೂರು ಸಲ ಓದಿ ಮೂರು ಬೇರೆ ಬೇರೆ ಅಂಕಿಗಳನ್ನು ಹೇಳಿದರು; ವಿದ್ಯಾರ್ಥಿಯೊಬ್ಬನ ಮೇಲೆ ಕಾರಣವಿಲ್ಲದೆ ರೇಗಿ, ಬಳಿಕ ತಲೆ ಹಿಡಿದುಕೊಂಡು ಕುಳಿತರು. "ಅಷ್ಟು ಕಷ್ಟವಾದರೆ ಒಂದು ಸೇದಿ ಬನ್ನಿ" ಎಂದವರು ನಾವೇ. ಅವರು ಹೋಗಿ ಬಂದರು. ಹತ್ತು ನಿಮಿಷಗಳಲ್ಲಿ ಮನುಷ್ಯ ಸರಿಹೋದರು. ಮಾರನೆಯ ದಿನ ಬೀಡಿಕಟ್ಟು ಮತ್ತೆ ಅವರ ಜೇಬು ಸೇರಿತ್ತು. ಕರುಣೆಯಿಂದ ಆಡಿದ ಆ ಮಾತು ಅಜ್ಞಾನದ ಮಾತೂ ಆಗಿತ್ತೆಂಬುದು ನಮಗೆ ತಿಳಿದುದು ತರುವಾಯ.

ಈ ಆಟವನ್ನು ಆಡಿಸುವ ವಸ್ತು ಹೊಗೆಸೊಪ್ಪಿನಲ್ಲಿರುವ ನಿಕೋಟಿನ್. ಅದನ್ನು ೧೮೨೮ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪೋಸೆಲ್ಟ್ ಮತ್ತು ರೈಮನ್ ಎಂಬಿಬ್ಬರು ಬೇರ್ಪಡಿಸಿದರು. ಅದು ದೇಹದಲ್ಲಿ ಎಲ್ಲಿ ಹೋಗಿ ಕೆಲಸಮಾಡುತ್ತದೆ ಎಂಬ ಪ್ರಶ್ನೆಗೆ ೧೯೦೫ರಲ್ಲಿ ಕೇಂಬ್ರಿಜ್ಜಿನ ಲ್ಯಾಂಗ್ಲಿ ದಾರಿ ತೋರಿಸಿದರು. ಕೋಳಿಯ ಸ್ನಾಯುವಿನ ಮೇಲೆ ನಿಕೋಟಿನ್ನನ್ನು ಪ್ರಯೋಗಿಸಿ, ಜೀವಕೋಶದಲ್ಲಿ ಇಂತಹ ವಸ್ತುಗಳನ್ನು ಹಿಡಿದುಕೊಳ್ಳುವ ವಿಶೇಷ ಪದಾರ್ಥವಿರಬೇಕೆಂದು ಅವರು ತರ್ಕಿಸಿದರು. ಅದನ್ನೇ ನಾವಿಂದು ಗ್ರಾಹಕವೆನ್ನುತ್ತೇವೆ. ಗ್ರಾಹಕವು ಬೀಗವಾದರೆ, ದೇಹವೇ ತಯಾರಿಸುವ ಅಸಿಟೈಲ್‌ಕೋಲಿನ್ ಎಂಬುದು ಅದರ ನಿಜವಾದ ಕೀಲಿಕೈ. ನಿಕೋಟಿನ್ ಅದೇ ಬೀಗಕ್ಕೆ ಹೊಂದುವ ಕಳ್ಳಕೀಲಿ. ಹೊಗೆಯನ್ನು ಒಳಗೆಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲೇ ಅದು ಮಿದುಳನ್ನು ತಲುಪಿ, ಡೋಪಮೀನ್ ಎಂಬ ವಸ್ತುವನ್ನು ಬಿಡುಗಡೆ ಮಾಡಿಸಿ ಹಿತವೆನಿಸುವಂತೆ ಮಾಡುತ್ತದೆ.

ಇನ್ನು ಸ್ವಲ್ಪ ಲೆಕ್ಕ ಮಾಡೋಣ. ವಿಕಿರಣ ವಸ್ತುಗಳಿಗೆ ಅರ್ಧಾಯು ಇರುವಂತೆಯೇ ರಕ್ತದಲ್ಲಿರುವ ನಿಕೋಟಿನ್ನಿಗೂ ಉಂಟು. ಅದು ಸುಮಾರು ೨ ಗಂಟೆ. ರಾತ್ರಿ ಹತ್ತಕ್ಕೆ ಕೊನೆಯ ಸಿಗರೇಟನ್ನು ಸೇದಿದವನ ರಕ್ತದಲ್ಲಿ ಬೆಳಗ್ಗೆ ಆರಕ್ಕೆ ಉಳಿಯುವುದು ಹದಿನಾರರಲ್ಲಿ ಒಂದು ಪಾಲು. ಎದ್ದೊಡನೆ ಅವನಿಗೆ ಸಿಗರೇಟು ಬೇಕೆನಿಸುವುದು ಇದರಿಂದಲೇ. ಎರಡು ದಿನ ಸೇದದಿದ್ದರೆ ೨೪ ಅರ್ಧಾಯುಗಳು ಕಳೆದವು. ಲೆಕ್ಕದಂತೆ ಉಳಿಯುವುದು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಂಗಾಂಶಗಳಲ್ಲಿ ಸೇರಿಕೊಂಡ ಕೊನೆಯ ಅಂಶ ಹೊರಬೀಳುವುದು ಇದಕ್ಕಿಂತ ತುಸು ನಿಧಾನವಾದರೂ, ಮೂರನೆಯ ದಿನಕ್ಕೆ ವಿಷ ಹೆಚ್ಚುಕಡಿಮೆ ಹೋದಂತೆಯೇ. ಆದರೆ ಎರಡನೆಯ ಮೂರನೆಯ ದಿನಗಳಲ್ಲಿಯೇ ಸಂಕಟ ಪರಾಕಾಷ್ಠೆಯನ್ನು ಮುಟ್ಟುತ್ತದೆ! ವಿಷವಿಲ್ಲದಿದ್ದಾಗ ಬಾಧೆ ಎಲ್ಲಿಂದ ಬಂತು?

ತಕ್ಕಡಿಯೊಂದನ್ನು ಊಹಿಸಿಕೊಳ್ಳಿ. ಅದರ ಬಲತಟ್ಟೆಯಲ್ಲಿ ಯಾರೋ ದಿನವೂ ಒಂದೊಂದು ತೂಕವನ್ನಿಡುತ್ತಾರೆ. ಮುಳ್ಳು ವಾಲಬಾರದೆಂದು ಯಜಮಾನನು ಎಡತಟ್ಟೆಯಲ್ಲಿಯೂ ಅಷ್ಟನ್ನೇ ಇಡುತ್ತಾ ಬರುತ್ತಾನೆ. ಒಂದು ದಿನ ಬಲಗಡೆಯ ತೂಕಗಳನ್ನೆಲ್ಲ ಒಮ್ಮೆಗೇ ತೆಗೆದುಬಿಟ್ಟರೆ ತಕ್ಕಡಿ ಥಟ್ಟನೆ ಎಡಕ್ಕೆ ವಾಲುತ್ತದೆ. ನಮ್ಮ ದೇಹ ಆ ಯಜಮಾನನಂತೆ. ನಿಕೋಟಿನ್ ಸದಾ ಬಂದು ಕುಳಿತುಕೊಳ್ಳುವುದರಿಂದ ಗ್ರಾಹಕಗಳು ಮಂದವಾಗುತ್ತವೆ. ಅದನ್ನು ಸರಿದೂಗಿಸಲೋ ಎಂಬಂತೆ ಮಿದುಳು ಗ್ರಾಹಕಗಳ ಸಂಖ್ಯೆಯನ್ನೇ ಹೆಚ್ಚಿಸುತ್ತದೆ. ಸೇದುವುದು ನಿಂತಾಗ ಹೀಗೆ ಹೆಚ್ಚಿದ ಗ್ರಾಹಕಗಳು ಬರಿದಾಗಿ ಉಳಿಯುತ್ತವೆ. ಸಿಡುಕು, ಚಡಪಡಿಕೆ, ಮಂಕು, ಹಸಿವು ಇವೆಲ್ಲ ಆ ವಾಲಿದ ತಕ್ಕಡಿಯ ಲಕ್ಷಣಗಳು. ಯಜಮಾನನು ಎಡಗಡೆಯ ತೂಕಗಳನ್ನು ಒಂದೊಂದಾಗಿ ತೆಗೆಯಲು ಕೆಲವು ವಾರಗಳು ಬೇಕು. ಆದುದರಿಂದ ಈ ಸಂಕಟ ಬಿಟ್ಟುದರಿಂದ ಹುಟ್ಟಿದ ಕಾಯಿಲೆಯಲ್ಲ; ಸೇದಿದುದರ ಬಾಕಿ. ನಮ್ಮ ಸಹಾಯಕರಿಗೆ ಆ ಬೀಡಿ ಕೊಟ್ಟ ನೆಮ್ಮದಿ ಸಾಲ ತೀರಿಸಲು ಮಾಡಿದ ಹೊಸ ಸಾಲದ ನೆಮ್ಮದಿಯಾಗಿತ್ತು.

ಹೊರಗೆ ಹೀಗೆ ಬೇಗೆಯಿರುವಾಗಲೇ ಒಳಗೆ ಒಳ್ಳೆಯದೂ ನಡೆಯುತ್ತಿರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಸೇದುವುದು ನಿಂತ ಒಂದೆರಡು ದಿನಗಳಲ್ಲಿ ಅದು ತೊಲಗಿ, ರಕ್ತವು ಆಮ್ಲಜನಕವನ್ನು ಪೂರ್ಣವಾಗಿ ಹೊರಬಲ್ಲುದಾಗುತ್ತದೆ. ಶ್ವಾಸನಾಳಗಳ ಕಸ ಗುಡಿಸುವ ಸೂಕ್ಷ್ಮ ರೋಮಗಳು ಹೊಗೆಯಿಂದ ಜಡವಾಗಿದ್ದುವು, ಮತ್ತೆ ಚುರುಕಾಗುತ್ತವೆ. ಕೆಲವರಿಗೆ ಬಿಟ್ಟ ಮೇಲೆ ಕೆಮ್ಮು ಹೆಚ್ಚುವುದಕ್ಕೆ ಇದೊಂದು ಕಾರಣ.

ಕಾಫಿಪ್ರಿಯರಾದ ನಮಗೆ ಮುಖ್ಯವಾದ ಇನ್ನೊಂದು ವಿಷಯವುಂಟು. ಹೊಗೆಯ ಟಾರಿನಲ್ಲಿರುವ ಕೆಲವು ವಸ್ತುಗಳು ಯಕೃತ್ತಿನ ಒಂದು ಕಿಣ್ವವನ್ನು ಹೆಚ್ಚಿಸುತ್ತವೆ. ಕಾಫಿಯ ಕೆಫೀನನ್ನು ಒಡೆಯುವುದು ಆ ಕಿಣ್ವವೇ. ಹೀಗಾಗಿ ಸೇದುವವನ ದೇಹದಲ್ಲಿ ಕೆಫೀನ್ ಬೇಗ ಕರಗುತ್ತದೆ. ಬಿಟ್ಟ ಕೆಲವೇ ದಿನಗಳಲ್ಲಿ ಕಿಣ್ವವು ತಗ್ಗಿ, ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಸುಮಾರು ಇಮ್ಮಡಿಯಾಗಬಹುದು. ನಾಲ್ಕು ಲೋಟ ಕುಡಿದವನಿಗೆ ಎಂಟು ಲೋಟದ ಫಲ! ಎದೆ ಡವಗುಟ್ಟುವುದು, ನಿದ್ರೆ ಹಾರಿಹೋಗುವುದು ಎಷ್ಟೋ ವೇಳೆ ಇದರಿಂದಲೇ. ಕಾಫಿಯನ್ನು ಅರ್ಧಕ್ಕಿಳಿಸುವುದು ಜಾಣತನ. ಒಮ್ಮೆಗೇ ನಿಲ್ಲಿಸಿದರೆ ಅದರದೇ ತಲೆನೋವು ಬಂದೀತು. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್‌ನಂತಹ ಕೆಲವು ಔಷಧಗಳಿಗೂ ಈ ಮಾತು ಅನ್ವಯಿಸುವುದರಿಂದ, ಔಷಧ ಸೇವಿಸುತ್ತಿರುವವರು ತಾವು ಧೂಮಪಾನ ಬಿಟ್ಟುದನ್ನು ವೈದ್ಯರಿಗೆ ತಿಳಿಸಬೇಕು.

ಹಾಗಾದರೆ ಈ ದಿನಗಳನ್ನು ದಾಟುವುದು ಹೇಗೆ? ಮೊದಲನೆಯದಾಗಿ, ಕಾಲದ ನಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಾಧೆ ಒಂದು ದಿನದೊಳಗೆ ಆರಂಭವಾಗಿ, ಎರಡು ಮೂರನೆಯ ದಿನಗಳಲ್ಲಿ ಶಿಖರ ಮುಟ್ಟಿ, ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಹಸಿವು ಮಾತ್ರ ಹೆಚ್ಚು ಕಾಲ ಉಳಿಯಬಹುದು. ಸೇದಬೇಕೆಂಬ ತೀವ್ರವಾದ ತುಡಿತವಂತೂ ಅಲೆಯಂತೆ ಏರಿ ಕೆಲವೇ ನಿಮಿಷಗಳಲ್ಲಿ ಇಳಿಯುವಂತಹುದು. ಆ ನಿಮಿಷಗಳಲ್ಲಿ ನೀರು ಕುಡಿಯುವುದು, ನಾಲ್ಕು ಹೆಜ್ಜೆ ನಡೆಯುವುದು, ಕೈಗೆ ಬೇರೆ ಕೆಲಸ ಕೊಡುವುದು ಉಪಯುಕ್ತ. ಹಣ್ಣು, ತರಕಾರಿ, ನೀರು ಮಲಬದ್ಧತೆಗೆ ಒಳ್ಳೆಯವು.

ಸಂಕಟ ಬಹಳವಾದರೆ ಬಲತಟ್ಟೆಯ ತೂಕಗಳನ್ನು ಒಮ್ಮೆಗೇ ತೆಗೆಯದೆ ಸ್ವಲ್ಪಸ್ವಲ್ಪವಾಗಿ ತೆಗೆಯುವ ಉಪಾಯವೂ ಉಂಟು. ಸ್ವೀಡನ್ನಿನ ಜಲಾಂತರ್ಗಾಮಿಗಳಲ್ಲಿ ಸೇದುವಂತಿಲ್ಲದ ನಾವಿಕರು ಹೊಗೆಸೊಪ್ಪನ್ನು ಬಾಯಲ್ಲಿಟ್ಟುಕೊಂಡು ಸುಧಾರಿಸಿಕೊಳ್ಳುತ್ತಿದ್ದರು. ೧೯೬೭ರಲ್ಲಿ ವೈದ್ಯ ಲುಂಡ್‌ಗ್ರೆನ್ ಇದನ್ನು ರಸಾಯನಜ್ಞ ಫೆರ್ನೋ ಅವರಿಗೆ ತಿಳಿಸಿದುದರಿಂದ ನಿಕೋಟಿನ್ ಚ್ಯೂಯಿಂಗ್ ಗಮ್ ಹುಟ್ಟಿತು. ಟಾರು, ಅನಿಲಗಳಿಲ್ಲದೆ ಅದು ನಿಕೋಟಿನ್ನನ್ನು ಮೆಲ್ಲಮೆಲ್ಲನೆ ಒದಗಿಸುತ್ತದೆ. ಇದನ್ನು ವೈದ್ಯರ ಸಲಹೆಯಂತೆ ಬಳಸಬೇಕು. ಬೀಡಿಯ ಬದಲು ಕಡ್ಡಿಪುಡಿ, ಗುಟ್ಕಾಗಳನ್ನು ಹಿಡಿದರೆ ಮಾತ್ರ ಬಾಯಿಯ ಕ್ಯಾನ್ಸರಿಗೆ ಬಾಗಿಲು ತೆರೆದಂತೆ. ೧೮೦೦-೧೧-೨೩೫೬ ಎಂಬ ರಾಷ್ಟ್ರೀಯ ಉಚಿತ ದೂರವಾಣಿಯಲ್ಲಿ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಎದೆನೋವು, ಏದುಸಿರು, ಕಫದಲ್ಲಿ ರಕ್ತ, ವಾರಗಳಾದರೂ ಬಿಡದ ಖಿನ್ನತೆ ಇವನ್ನು ಮಾತ್ರ ಬಿಟ್ಟುದರ ಫಲವೆಂದು ಅಲಕ್ಷಿಸದೆ ಕೂಡಲೇ ವೈದ್ಯರನ್ನು ಕಾಣಬೇಕು.

ನಮ್ಮ ಸಹಾಯಕರು ಆರು ತಿಂಗಳ ಬಳಿಕ ಮತ್ತೊಮ್ಮೆ ಬಿಟ್ಟರು. ಈ ಸಲ ತಕ್ಕಡಿಯ ಕತೆಯನ್ನು ಅವರಿಗೆ ಮೊದಲೇ ಹೇಳಿದ್ದೆವು. ಒಂದು ವಾರ ರೋಹಿತಮಾಪಕವನ್ನು ನಾವೇ ಹೊಂದಿಸಿದೆವು. ಮೂರನೆಯ ದಿನ ಅವರು ನಮ್ಮ ಮೇಲೆಯೇ ರೇಗಿದರು. "ಇಂದು ಬುಧವಾರ" ಎಂದಷ್ಟೇ ಹೇಳಿದೆವು. ಅವರು ಗೋಡೆಯ ಪಂಚಾಂಗವನ್ನು ನೋಡಿ ನಕ್ಕು, ನೀರು ಕುಡಿದು ಬಂದರು. ಇದು ನಡೆದು ಎರಡು ವರ್ಷಗಳಾದುವು. ಅವರ ಜೇಬಿನಲ್ಲಿ ಮತ್ತೆ ಬೀಡಿಕಟ್ಟು ಕಾಣಲಿಲ್ಲ. ವಿದ್ಯಾರ್ಥಿಮಿತ್ರರೇ, ನಿಮ್ಮ ತಂದೆಯವರೋ ಹಾಸ್ಟೆಲಿನ ಗೆಳೆಯನೋ ಈ ಪ್ರಯತ್ನಕ್ಕೆ ತೊಡಗಿದಾಗ ಮೂರನೆಯ ದಿನದ ಸಿಡುಕನ್ನು ಸಹಿಸಿಕೊಳ್ಳಿ. "ಒಂದು ಸೇದಿ ಬನ್ನಿ" ಎಂದು ಮಾತ್ರ ಹೇಳಬೇಡಿ.