‘ಓಕೆ’ ಎನ್ನುವ ಯಂತ್ರ

ಬರಿದಾದ ಡಿಸ್ಕಿನ ಗಣಕಯಂತ್ರಕ್ಕೆ ಆಪರೇಟಿಂಗ್ ಸಿಸ್ಟಮನ್ನು ತುಂಬುವುದೆಂತು? ತುಂಬಬೇಕಾದರೆ ಒಂದು ಪ್ರೋಗ್ರಾಂ ನಡೆಯಬೇಕು. ಪ್ರೋಗ್ರಾಂ ನಡೆಯಬೇಕಾದರೆ ಆಪರೇಟಿಂಗ್ ಸಿಸ್ಟಂ ಇರಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬಂತಾಯಿತಲ್ಲವೆ? ಈ ತೊಡಕನ್ನು ಬಿಡಿಸುವುದು ಯಂತ್ರದೊಳಗಿನ ಒಂದು ಚಿಪ್‌ನಲ್ಲಿ ಕಾರ್ಖಾನೆಯಲ್ಲೇ ಬರೆದಿಟ್ಟಿರುವ ಫರ್ಮ್‌ವೇರ್. ವಿದ್ಯುತ್ ಹರಿದೊಡನೆ ಮೊದಲು ಎಚ್ಚರಗೊಳ್ಳುವುದು ಇದೇ.

ಅನೇಕ ಯಂತ್ರಗಳಲ್ಲಿ ಇದು ಮೂಕಸೇವಕ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1989ರಲ್ಲಿ ಹೊರತಂದ ಸ್ಪಾರ್ಕ್‌ಸ್ಟೇಷನ್ನಿನ ‘ಓಪನ್‌ಬೂಟ್’ ಆದರೋ ಮಾತನಾಡುವ ಜಾತಿಯದು. ಪರದೆಯ ಮೇಲೆ ‘ಓಕೆ’ ಎಂದು ಮೂಡಿಸಿ ಅಪ್ಪಣೆಗಾಗಿ ಕಾದಿರುತ್ತದೆ. ಅದರ ಭಾಷೆ ಫೋರ್ತ್. ‘2 3 + .’ ಎಂದು ಬರೆದರೆ ಕೂಡಿ 5 ಎಂದು ತಿಳಿಸಿ, ಮತ್ತೆ ‘ಓಕೆ’ ಎನ್ನುತ್ತದೆ!

ಅಲ್ಲಿ ‘ಬೂಟ್ ಸಿಡಿರಾಮ್’ ಎಂದು ಟೈಪು ಮಾಡಿದರೆ, ಫರ್ಮ್‌ವೇರ್ ಸಿ.ಡಿ.ಯಿಂದ ಒಂದು ಪುಟ್ಟ ಪ್ರೋಗ್ರಾಮನ್ನು ಎಳೆದುಕೊಂಡು ಅದಕ್ಕೆ ಅಧಿಕಾರ ಒಪ್ಪಿಸುತ್ತದೆ. ಅದು ಕರ್ನೆಲನ್ನು ತರುತ್ತದೆ. ಕರ್ನೆಲ್ ಇನ್‌ಸ್ಟಾಲರನ್ನು ಎಬ್ಬಿಸುತ್ತದೆ.

ಇಷ್ಟು ಸುಲಭವಾದ ಕೆಲಸ ಕೆಡುವುದೆಲ್ಲಿ? ‘ಸಿಡಿರಾಮ್’ ಎಂಬುದು ಸಾಧನದ ಉದ್ದನೆಯ ವಿಳಾಸಕ್ಕಿಟ್ಟ ಅಡ್ಡಹೆಸರಷ್ಟೆ. ಸ್ಕಸಿ ತಂತಿಯಲ್ಲಿ 6ನೆಯ ಸಂಖ್ಯೆಯವನೇ ಸಿ.ಡಿ. ಎಂದು ಅದು ಸಾಮಾನ್ಯವಾಗಿ ನಂಬಿರುತ್ತದೆ. ಡ್ರೈವಿಗೆ ಬೇರೆ ಸಂಖ್ಯೆ ಇಟ್ಟಿದ್ದರೆ ಖಾಲಿ ಮನೆಯ ಬಾಗಿಲು ತಟ್ಟುತ್ತದೆ. ‘ಪ್ರೋಬ್-ಸ್ಕಸಿ’ ಎಂದು ಕೇಳಿದರೆ ಯಾರು ಯಾವ ಸಂಖ್ಯೆಯಲ್ಲಿದ್ದಾರೆಂದು ತಿಳಿಯುತ್ತದೆ. ಇನ್ನೊಂದು ವಿಘ್ನವೂ ಉಂಟು: ಹಳೆಯ ಸನ್ ಯಂತ್ರಗಳು 512 ಬೈಟುಗಳ ತುಂಡುಗಳಲ್ಲಿ ಓದಬಯಸುತ್ತಿದ್ದವು, 2048 ಬೈಟುಗಳನ್ನೇ ಕೊಡುವ ಡ್ರೈವು ಸರಿಯಾದ ಸಂಖ್ಯೆಯಲ್ಲಿದ್ದರೂ ಅಲ್ಲಿ ನಿಷ್ಪ್ರಯೋಜಕ.

ನಡೆಯುತ್ತಿರುವ ಯಂತ್ರವನ್ನು ‘ಸ್ಟಾಪ್’ ಮತ್ತು ‘ಎ’ ಕೀಲಿಗಳನ್ನೊತ್ತಿ ‘ಓಕೆ’ಗೆ ತರಬಹುದು. ನನ್ನ ಮಟ್ಟಿಗೆ ಅದು ಊಟದ ನಡುವೆ ಎಲೆ ಎಳೆದಂತೆ. ಡಿಸ್ಕಿಗೆ ಬರೆಯದೆ ಉಳಿದಿದ್ದ ಮಾಹಿತಿ ಹಾಳಾಗಬಹುದು. ಆ ಸ್ಥಿತಿಯಲ್ಲಿ ‘ಪ್ರೋಬ್-ಸ್ಕಸಿ’ ಎಂದರೆ ಯಂತ್ರವೇ ಸ್ತಬ್ಧವಾಗಬಹುದು. ‘ಇನಿಟ್ 0’ ಎಂದು ಕ್ರಮವಾಗಿ ನಿಲ್ಲಿಸಿ ಬರುವುದೇ ಲೇಸು. ಇನ್‌ಸ್ಟಾಲರು ಹಳೆಯ ಡಿಸ್ಕನ್ನು ಅಳಿಸಬಲ್ಲದು. ಅದರಲ್ಲಿ ಯಾರ ಪ್ರಬಂಧವಿದೆಯೆಂದು ಫರ್ಮ್‌ವೇರ್ ವಿಚಾರಿಸುವುದಿಲ್ಲ.

ಈ ಪದ್ಧತಿ 1994ರಲ್ಲಿ ‘ಐಇಇಇ 1275’ ಎಂಬ ಮಾನಕವಾಯಿತು. ಆಪಲ್ಲಿನ ಪವರ್ ಮ್ಯಾಕ್‌ಗಳಿಗೂ ಬಂದಿತು. ಇಂದಿನ ಪಿ.ಸಿ.ಗಳದು ಯುಇಎಫ್‌ಐ. ಅದರ ಶೆಲ್ಲಿನಲ್ಲಿ ‘ಮ್ಯಾಪ್’ ಎಂದರೆ ಕಾಣುವ ಡಿಸ್ಕುಗಳ ಪಟ್ಟಿ ಬರುತ್ತದೆ; ‘ಎಫ್‌ಎಸ್0:’ ಮುಂತಾದ ಹೆಸರನ್ನು ಆರಿಸಿ, ‘ಇಎಫ್‌ಐ’ ಕೋಶದೊಳಗಿನ ‘ಬೂಟ್’ ಕೋಶಕ್ಕೆ ಹೋಗಿ, ‘ಬೂಟ್‌ಎಕ್ಸ್64.ಇಎಫ್‌ಐ’ ಎಂದು ಕರೆದರೆ ಇನ್‌ಸ್ಟಾಲರು ಏಳುತ್ತದೆ. ಆದರೆ ಎಷ್ಟೋ ಯಂತ್ರಗಳಲ್ಲಿ ಈ ಶೆಲ್ಲೇ ಇರುವುದಿಲ್ಲ. ಪೆನ್‌ಡ್ರೈವಿನಲ್ಲಿ ನಾವೇ ಒಯ್ಯಬೇಕು.