ಲ್ಯಾಪ್‌ಟಾಪ್ ಖರೀದಿ : ಬರೀ 'ಜಿಬಿ' ನೋಡಿ ದುಡ್ಡು ಎಣಿಸಬೇಡಿ!

ಕಾಂಗೇಯಂ : ಮಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಡಿಸೈನಿಂಗ್ ಕೆಲಸಕ್ಕೆ ಸೇರಿದ್ದಾನೆ. ಮಗಳು ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಇಬ್ಬರದೂ ಒಂದೇ ಬೇಡಿಕೆ - 'ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಬೇಕು'. ಅಪ್ಪ ಚೀಟಿ ಹಣ ಎತ್ತಿ, ಸಾಲದ್ದಕ್ಕೆ ಕಂತಿನ ಸಾಲವನ್ನೂ ಮಾಡಿ ಗಾಂಧಿಪುರದ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಸಿಗುವ ಉತ್ತರ ಇದು : "ಸಾರ್, ಇದು ನಾಲು ಜಿಬಿ ಗ್ರಾಫಿಕ್ಸ್. ಎಲ್ಲಾಮೇ ಓಡುಂ!"

ಎಲ್ಲಾ ಓಡುತ್ತದೆ, ನಿಜ. ಆದರೆ ಹೇಗೆ ಓಡುತ್ತದೆ ಎಂಬುದೇ ಪ್ರಶ್ನೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಡಬ್ಬದ ಮೇಲೆ ಇಂಗ್ಲಿಷ್... ಈ ಮೂರರ ನಡುವೆ ವಿಷಯ ಕಳೆದುಹೋಗುವುದು ಸುಲಭ. ಅದಕ್ಕೇ ಸ್ವಲ್ಪ ಬಿಡಿಸಿ ನೋಡೋಣ.

ಕೊಬ್ಬರಿ ಕಣದ ಲೆಕ್ಕ

ಕಾಂಗೇಯಂ ಎಂದರೆ ಹೊರಗಿನವರಿಗೆ ನೆನಪಾಗುವುದು ಎತ್ತು. ಆದರೆ ಊರಿನ ಸುತ್ತ ಬಸ್ಸಿನಲ್ಲಿ ಹೋಗುವವರಿಗೆ ಕಾಣುವುದು ಅಕ್ಕಿ ಗಿರಣಿ ಮತ್ತು ಕೊಬ್ಬರಿ ಒಣಗಿಸುವ ಕಣಗಳು. (ನಾವು ಕಣ ಎನ್ನುತ್ತೇವೆ, ಇಲ್ಲಿಯವರು ಕಳಂ ಎನ್ನುತ್ತಾರೆ. ಎರಡೂ ಒಂದೇ.) ಕಣ ಎಷ್ಟು ದೊಡ್ಡದು ಎಂದು ಮಾತ್ರ ಕೇಳಿ ಯಾವ ವ್ಯಾಪಾರಿಯೂ ಲೆಕ್ಕ ಹಾಕುವುದಿಲ್ಲ. ಒಳಗೆ ಎಷ್ಟು ಆಳು ಕೆಲಸ ಮಾಡುತ್ತಾರೆ, ಲಾರಿ ಬರುವ ಗೇಟು ಎಷ್ಟು ಅಗಲ ಇದೆ, ಆಳುಗಳಿಗೆ ಹೊಟ್ಟೆ ತುಂಬ ಊಟ ಸಿಗುತ್ತದೆಯೇ - ಇವೆಲ್ಲ ಸೇರಿದರೇ ದಿನಕ್ಕೆ ಎಷ್ಟು ಮೂಟೆ ಎಂದು ಗೊತ್ತಾಗುವುದು.

ಗ್ರಾಫಿಕ್ಸ್ ಚಿಪ್ಪಿನ ಕತೆಯೂ ಇಷ್ಟೆ. 'ಜಿಬಿ' ಎಂಬುದು ಕಣದ ವಿಸ್ತೀರ್ಣ, ಅಂದರೆ ಮೆಮೊರಿ. ಆಳುಗಳೆಂದರೆ ಚಿಪ್ಪಿನೊಳಗಿನ ಕೋರ್‌ಗಳು. ಗೇಟಿನ ಅಗಲ ಎಂದರೆ ಒಂದು ಸೆಕೆಂಡಿಗೆ ಮೆಮೊರಿಯಿಂದ ಚಿಪ್ಪಿಗೆ ಎಷ್ಟು ಮಾಹಿತಿ ಹರಿಯಬಲ್ಲದು ಎಂಬುದು. ಇದನ್ನು ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ಊಟ ಎಂದರೆ ವಿದ್ಯುತ್ತು, ವ್ಯಾಟ್ ಲೆಕ್ಕದಲ್ಲಿ.

ಒಂದು ನಿಜವಾದ ಉದಾಹರಣೆ ನೋಡಿ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 2050 ಮತ್ತು ಆರ್‌ಟಿಎಕ್ಸ್ 3050 ಎಂಬ ಎರಡು ಲ್ಯಾಪ್‌ಟಾಪ್ ಚಿಪ್ಪುಗಳಿವೆ. ಎರಡಕ್ಕೂ 4 ಜಿಬಿ ಮೆಮೊರಿ. ಎರಡರಲ್ಲೂ 2048 ಕೋರ್. ಅಂಗಡಿಯವನ ಲೆಕ್ಕದಲ್ಲಿ ಎರಡೂ 'ನಾಲು ಜಿಬಿ'. ಆದರೆ 2050ರ ಮೆಮೊರಿ ದಾರಿ 64 ಬಿಟ್ ಅಗಲ, 3050ರದ್ದು 128 ಬಿಟ್. ಸೆಕೆಂಡಿಗೆ 2050 ಸಾಗಿಸುವುದು 112 ಜಿಬಿ, 3050 ಸಾಗಿಸುವುದು 192 ಜಿಬಿಯವರೆಗೆ. ಊಟದಲ್ಲೂ ವ್ಯತ್ಯಾಸ : 2050ಕ್ಕೆ ಹೆಚ್ಚೆಂದರೆ 45 ವ್ಯಾಟ್, 3050ಕ್ಕೆ 80 ವ್ಯಾಟ್‌ವರೆಗೆ. ಡಬ್ಬದ ಮೇಲೆ ಒಂದೇ ಅಂಕಿ, ಕೆಲಸದಲ್ಲಿ ಬಹಳ ಅಂತರ!

ಇದರ ತಿರುಗುಮುರುಗು ಉದಾಹರಣೆಯೂ ಇದೆ. 4060, 4070, 5060, 5070 - ಈ ನಾಲ್ಕು ಲ್ಯಾಪ್‌ಟಾಪ್ ಚಿಪ್ಪುಗಳು ಬಂದದ್ದು 8 ಜಿಬಿ ಮೆಮೊರಿಯೊಂದಿಗೇ. ಬೆಲೆ, ವೇಗ ಮಾತ್ರ ಬೇರೆ ಬೇರೆ. ಹಾಗಾಗಿ ಮೊದಲು ಚಿಪ್ಪಿನ ಪೂರ್ತಿ ಹೆಸರು ಕೇಳಿ, ಆಮೇಲೆ ಜಿಬಿ.

ಹಾಗಾದರೆ ಜಿಬಿ ಬೇಡವೇ?

ಬೇಕು. ಕಣ ತುಂಬಿದ ಮೇಲೆ ಮೂಟೆಗಳನ್ನು ರಸ್ತೆಯಾಚೆ ಇಡಬೇಕಾಗುತ್ತದಲ್ಲ, ಹಾಗೆಯೇ ಗ್ರಾಫಿಕ್ಸ್ ಮೆಮೊರಿ ತುಂಬಿದಾಗ ಉಳಿದ ಮಾಹಿತಿ ಲ್ಯಾಪ್‌ಟಾಪಿನ ಸಾಮಾನ್ಯ ರ‍್ಯಾಮ್‌ಗೆ ಹೋಗುತ್ತದೆ. ಅಲ್ಲಿಂದ ತರುವ ದಾರಿ ತೀರಾ ಕಿರಿದು. 4060ರಂಥ ಚಿಪ್ಪಿಗೆ ತನ್ನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ ಇನ್ನೂರು ಜಿಬಿಗೂ ಹೆಚ್ಚು ಬರುತ್ತಿದ್ದರೆ, ರ‍್ಯಾಮ್‌ನಿಂದ ಬರುವುದು ಸುಮಾರು 16 ಜಿಬಿ. ಆಗಲೇ ಚಿತ್ರ ಎಳೆದೆಳೆದು ಬರುವುದು, ಗೇಮ್ ತಡವರಿಸುವುದು, 'ಮೆಮೊರಿ ಸಾಲದು' ಎಂದು ತಂತ್ರಾಂಶ ಮುನಿಸಿಕೊಳ್ಳುವುದು. ಇಂಥ ಹೊತ್ತಿನಲ್ಲಿ ಚಿಪ್ಪು ಎಷ್ಟೇ ಚುರುಕಾಗಿದ್ದರೂ ಪ್ರಯೋಜನವಿಲ್ಲ.

ಇನ್ನೊಂದು ಮಾತು. ರ‍್ಯಾಮನ್ನು ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆಮೇಲೆ ಹೆಚ್ಚಿಸಬಹುದು. ಗ್ರಾಫಿಕ್ಸ್ ಮೆಮೊರಿಯನ್ನು ಹೆಚ್ಚಿಸಲು ಬರುವುದಿಲ್ಲ. ಅದು ಬೋರ್ಡಿಗೇ ಬೆಸುಗೆ ಹಾಕಿದ್ದು. 'ಅಪ್ಪುರಂ ಪೋಟ್ಟುಕ್ಕಲಾಂ' ಎಂದು ಯಾರಾದರೂ ಹೇಳಿದರೆ ಅವರು ಮಾತಾಡುತ್ತಿರುವುದು ರ‍್ಯಾಮ್ ಬಗ್ಗೆ, ಗ್ರಾಫಿಕ್ಸ್ ಬಗ್ಗೆ ಅಲ್ಲ.

'ಹಂಚಿಕೊಂಡ' ಮೆಮೊರಿ ಎಂಬ ಹಳೆಯ ಆಟ

2005ರ ಸುಮಾರಿನಲ್ಲಿ ಎನ್‌ವಿಡಿಯಾದ ಟರ್ಬೋಕ್ಯಾಶ್, ಎಟಿಐ ಕಂಪನಿಯ ಹೈಪರ್‌ಮೆಮೊರಿ ಎಂಬ ಹೆಸರುಗಳು ಬಂದಿದ್ದವು. ಚಿಪ್ಪಿನ ಜೊತೆ ನಿಜವಾಗಿ ಇರುತ್ತಿದ್ದದ್ದು ಸ್ವಲ್ಪ ಮೆಮೊರಿ, ಉಳಿದದ್ದು ರ‍್ಯಾಮ್‌ನಿಂದ ಸಾಲ; ಡಬ್ಬದ ಮೇಲೆ ಮಾತ್ರ ಎರಡನ್ನೂ ಕೂಡಿಸಿದ ದೊಡ್ಡ ಅಂಕಿ. ಹೆಸರುಗಳು ಮರೆತುಹೋದವು, ಆಟ ನಿಂತಿಲ್ಲ.

ಅಂಗಡಿಯಲ್ಲೇ ಪರೀಕ್ಷಿಸುವ ಉಪಾಯ ಇದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ 'ಪರ್ಫಾರ್ಮೆನ್ಸ್' ಆಯ್ದು, ಎಡಗಡೆ ಕಾಣುವ 'ಜಿಪಿಯು' ಮೇಲೆ ಒತ್ತಿ. ಕೆಳಗೆ 'ಡೆಡಿಕೇಟೆಡ್' ಎಂದು ಒಂದು ಅಂಕಿ, 'ಶೇರ್ಡ್' ಎಂದು ಇನ್ನೊಂದು ಅಂಕಿ ಇರುತ್ತವೆ. ವಿಂಡೋಸ್ ಸಾಮಾನ್ಯವಾಗಿ ರ‍್ಯಾಮಿನ ಅರ್ಧವನ್ನು ಶೇರ್ಡ್ ಎಂದು ತೋರಿಸುತ್ತದೆ. ಹಾಗಾಗಿ 4 ಜಿಬಿ ಚಿಪ್ಪು, 16 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಒಟ್ಟು ಸುಮಾರು 12 ಜಿಬಿ ಎಂದು ಕಾಣುತ್ತದೆ. ನಿಮ್ಮದು 4 ಮಾತ್ರ. ತಮಿಳಿನಲ್ಲೇ ಕೇಳಿಬಿಡಿ : "ಡೆಡಿಕೇಟೆಡ್ ಎವ್ವಳವು?"

ಎಷ್ಟು ವ್ಯಾಟ್?

ಇದನ್ನು ಕೇಳುವವರೇ ಕಡಿಮೆ, ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4050 ಮತ್ತು 4060 ಎರಡನ್ನೂ 35ರಿಂದ 115 ವ್ಯಾಟ್‌ವರೆಗೆ ಯಾವ ಮಟ್ಟದಲ್ಲಾದರೂ ಇಡಲು ತಯಾರಕರಿಗೆ ಅವಕಾಶ ಇದೆ. ತೆಳ್ಳಗಿನ, ಹಗುರ ಲ್ಯಾಪ್‌ಟಾಪಿನಲ್ಲಿ ಅರೆಹೊಟ್ಟೆಯಲ್ಲಿರುವ 4060ಕ್ಕಿಂತ, ದಪ್ಪನೆಯ ಲ್ಯಾಪ್‌ಟಾಪಿನಲ್ಲಿ ಹೊಟ್ಟೆ ತುಂಬ ಉಂಡ 4050 ಹೆಚ್ಚು ಕೆಲಸ ಮಾಡಬಲ್ಲದು. ತಯಾರಕರ ವೆಬ್‌ಸೈಟಿನಲ್ಲಿ ಮಾದರಿಯ ವಿವರದಲ್ಲಿ 'ಟಿಜಿಪಿ' ಅಥವಾ 'ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್' ಎಂದು ಬರೆದಿರುತ್ತದೆ. ಮನೆಯಿಂದ ಹೊರಡುವ ಮುನ್ನವೇ ಅದನ್ನು ನೋಡಿಕೊಳ್ಳಿ.

ತೆಳ್ಳಗಿನದೇ ಬೇಕೆಂದು ಹಟ ಹಿಡಿಯುವ ಮಕ್ಕಳಿಗೆ ಇದನ್ನು ಹೇಳಬೇಕು. ಅದೂ ಅಲ್ಲದೆ ನಮ್ಮದು ಬಿಸಿಲ ಸೀಮೆ. ತಿರುಪ್ಪೂರಿನ ಘಟಕಗಳಲ್ಲಿ ಗಾಳಿಯ ತುಂಬ ಹತ್ತಿಯ ನವಿರು ಎಳೆ, ಇಲ್ಲಿಯ ಗಿರಣಿಗಳಲ್ಲಿ ತೌಡಿನ ಧೂಳು. ಇವು ಲ್ಯಾಪ್‌ಟಾಪಿನ ಫ್ಯಾನಿಗೆ ಮೆತ್ತಿಕೊಂಡರೆ ಬಿಸಿ ಹೊರಹೋಗುವುದಿಲ್ಲ. ಬಿಸಿಯೇರಿದ ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಒಂದೇ ವರ್ಷಕ್ಕೆ 'ಲ್ಯಾಪ್‌ಟಾಪ್ ನಿಧಾನ ಆಯ್ತು' ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಧೂಳೇ. ಆರು ತಿಂಗಳಿಗೊಮ್ಮೆ ಬಿಚ್ಚಿಸಿ ಫ್ಯಾನ್ ಶುಚಿ ಮಾಡಿಸುವುದು ಹೊಸ ಲ್ಯಾಪ್‌ಟಾಪಿಗಿಂತ ಅಗ್ಗ.

ಯಾವ ಕೆಲಸಕ್ಕೆ ಯಾವುದು?

ಟ್ಯಾಲಿ, ಜಿಎಸ್‌ಟಿ ಲೆಕ್ಕ, ಟೈಪಿಂಗ್, ಆನ್‌ಲೈನ್ ಪಾಠ - ಇಷ್ಟೇ ಆದರೆ ಪ್ರತ್ಯೇಕ ಗ್ರಾಫಿಕ್ಸ್ ಬೇಡವೇ ಬೇಡ. ಆ ಹಣವನ್ನು ರ‍್ಯಾಮ್ ಮತ್ತು ಎಸ್‌ಎಸ್‌ಡಿ ಮೇಲೆ ಹಾಕಿ. ಪ್ರೋಗ್ರಾಮಿಂಗ್ ಕಲಿಯುವ ವಿದ್ಯಾರ್ಥಿಗೂ ಬಹುಪಾಲು ಇದೇ ಮಾತು. ಒಳಗೇ ಇರುವ ಇಂಟೆಲ್ ಗ್ರಾಫಿಕ್ಸ್ ವಿಷಯದಲ್ಲಿ ಒಂದು ಗುಟ್ಟು : ಐರಿಸ್ ಎಕ್ಸ್‌ಇ ಎಂದು ಚೀಟಿ ಅಂಟಿಸಿದ ಲ್ಯಾಪ್‌ಟಾಪಿಗೂ ಒಂದೇ ರ‍್ಯಾಮ್ ಪಟ್ಟಿ ಹಾಕಿದ್ದರೆ, ವಿಂಡೋಸ್ ಅದನ್ನು ಬರೀ 'ಯುಎಚ್‌ಡಿ ಗ್ರಾಫಿಕ್ಸ್' ಎಂದೇ ತೋರಿಸುತ್ತದೆ, ವೇಗವೂ ಕಡಿಮೆ. ಎರಡನೆಯ ಪಟ್ಟಿ ಹಾಕಿಸಿದರೆ ಸರಿಹೋಗುತ್ತದೆ.

ಬನಿಯನ್, ಟೀ ಶರ್ಟ್ ಪ್ರಿಂಟಿಂಗಿಗೆ ಕೋರಲ್‌ಡ್ರಾ, ಫೋಟೋಶಾಪ್ ಬಳಸುವವರಿಗೆ 4 ಜಿಬಿ ಚಿಪ್ಪು ಸಾಕು. ಅವರಿಗೆ ಮುಖ್ಯ ರ‍್ಯಾಮ್, ಮತ್ತು ಬಣ್ಣ ಸರಿಯಾಗಿ ತೋರಿಸುವ ಪರದೆ. ಈ ಪರದೆಯ ವಿಷಯ ಯಾರೂ ಹೇಳುವುದಿಲ್ಲ ನೋಡಿ. ಅಗ್ಗದ 'ಗೇಮಿಂಗ್' ಲ್ಯಾಪ್‌ಟಾಪ್‌ಗಳ ಪರದೆ ಎಷ್ಟೋ ಸಲ ಎಸ್‌ಆರ್‌ಜಿಬಿ ಬಣ್ಣಗಳ ಮೂರನೇ ಎರಡು ಭಾಗ ಮಾತ್ರ ತೋರಿಸುತ್ತದೆ. ಪರದೆಯ ಮೇಲೆ ಮಾಸಲಾಗಿ ಕಂಡ ಕೆಂಪನ್ನು ಸರಿಮಾಡಲು ಹೋಗಿ ಬಟ್ಟೆಯ ಮೇಲೆ ಕಣ್ಣು ಕುಕ್ಕುವ ಕೆಂಪು ಬಂದರೆ ಆರ್ಡರೇ ವಾಪಸ್. ಡಿಸೈನರಿಗೆ ಗ್ರಾಫಿಕ್ಸ್ ಚಿಪ್ಪಿಗಿಂತ ಪರದೆಯೇ ಮೊದಲು ಎಂಬುದು ನಮ್ಮ ಅಭಿಪ್ರಾಯ.

ಬಟ್ಟೆಯನ್ನು ಗೊಂಬೆಗೆ ತೊಡಿಸಿ ಮೂರು ಆಯಾಮದಲ್ಲಿ ತೋರಿಸುವ ಕ್ಲೋ 3ಡಿಯಂಥ ತಂತ್ರಾಂಶಕ್ಕೆ ಲೆಕ್ಕವೇ ಬೇರೆ. ಅಲ್ಲಿ ಎನ್‌ವಿಡಿಯಾ ಚಿಪ್ಪು, ಆದಷ್ಟು ಮಟ್ಟಿಗೆ 8 ಜಿಬಿ, ಇದ್ದರೆ ಕೆಲಸ ಸಲೀಸು. ಆಟೋಕ್ಯಾಡ್ ಕಲಿಯುವವರಿಗೆ ಒಂದು ಸೊಗಸಾದ ಸಾಕ್ಷಿ : ಆ ತಂತ್ರಾಂಶದ ಕಂಪನಿ ತನ್ನ ಅಗತ್ಯಗಳ ಪಟ್ಟಿಯಲ್ಲಿ ಜಿಬಿ ಜೊತೆಗೆ ಬ್ಯಾಂಡ್‌ವಿಡ್ತನ್ನೂ ಬರೆಯುತ್ತದೆ - ಕನಿಷ್ಠ ಸೆಕೆಂಡಿಗೆ 29 ಜಿಬಿ, ಚೆನ್ನಾಗಿ ನಡೆಯಲು 106 ಜಿಬಿ. ನಾವು ಮೇಲೆ ಹೇಳಿದ ಗೇಟಿನ ಅಗಲ ಇದೇ.

ಮದುವೆ ವಿಡಿಯೋ ಮಾಡುವವರು 4ಕೆ ಎಡಿಟಿಂಗಿಗೆ 6 ಜಿಬಿಗಿಂತ ಕೆಳಗೆ ಇಳಿಯಬೇಡಿ. ನಿಮ್ಮ ಕ್ಯಾಮೆರಾ '10 ಬಿಟ್ 4:2:2' ಎಚ್‌ಇವಿಸಿ ಮಾದರಿಯಲ್ಲಿ ಚಿತ್ರೀಕರಿಸುತ್ತದೆಯೇ ನೋಡಿ. ಹಾಗಿದ್ದರೆ ಆರ್‌ಟಿಎಕ್ಸ್ 40 ಸರಣಿಗೆ ಅದನ್ನು ಬಿಚ್ಚಲು ಬರುವುದಿಲ್ಲ. 11ನೇ ಪೀಳಿಗೆಯಿಂದೀಚಿನ ಇಂಟೆಲ್ ಪ್ರೊಸೆಸರಿನ ಒಳಗ್ರಾಫಿಕ್ಸ್‌ಗೆ ಬರುತ್ತದೆ, 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಗೂ ಬರುತ್ತದೆ.

ಹಳೆಯದು ಕೊಳ್ಳುವವರಿಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳೆಯ ಲ್ಯಾಪ್‌ಟಾಪ್ ತರಿಸುವವರು ನಮ್ಮಲ್ಲಿ ಇದ್ದಾರೆ. ತಪ್ಪಿಲ್ಲ, ಆದರೆ ಎರಡು ದಿನಾಂಕ ನೆನಪಿರಲಿ. ಜಿಟಿಎಕ್ಸ್ 1050, 1060, ಎಂಎಕ್ಸ್ 150, ಎಂಎಕ್ಸ್ 250ರಂಥ ಹಳೆಯ ಪೀಳಿಗೆಯ ಚಿಪ್ಪುಗಳಿಗೆ ಎನ್‌ವಿಡಿಯಾ ಹೊಸ ಗೇಮ್ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರಿಗೆ ನಿಲ್ಲಿಸಿತು. 2028ರ ಅಕ್ಟೋಬರಿನವರೆಗೆ ಭದ್ರತೆಯ ತಿದ್ದುಪಡಿ ಮಾತ್ರ. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಬೇಕಾದರೆ ಇಂಟೆಲ್ ಪ್ರೊಸೆಸರ್ ಕನಿಷ್ಠ 8ನೇ ಪೀಳಿಗೆಯದಾಗಿರಬೇಕು, ಕೆಲವೇ ಅಪವಾದಗಳನ್ನು ಬಿಟ್ಟರೆ. '4 ಜಿಬಿ ಗ್ರಾಫಿಕ್ಸ್' ಎಂಬ ಹಳೆಯ ವರ್ಕ್‌ಸ್ಟೇಷನ್ ಅಗ್ಗಕ್ಕೆ ಸಿಗುವುದು ಇದೇ ಕಾರಣಕ್ಕೆ ಇರಬಹುದು.

ಬಿಲ್ ತಪ್ಪದೆ ತೆಗೆದುಕೊಳ್ಳಿ. ಲ್ಯಾಪ್‌ಟಾಪಿಗೆ ಶೇ. 18 ಜಿಎಸ್‌ಟಿ ಇದೆ. ನಿಮ್ಮ ಘಟಕಕ್ಕೆ ಜಿಎಸ್‌ಟಿ ನೋಂದಣಿ ಇದ್ದು, ಲ್ಯಾಪ್‌ಟಾಪ್ ಅದರ ಕೆಲಸಕ್ಕೇ ಆಗಿದ್ದರೆ ಬಿಲ್ಲಿನಲ್ಲಿ ಆ ಸಂಖ್ಯೆ ಬರೆಸಿ, ಕಟ್ಟಿದ ತೆರಿಗೆಯನ್ನು ಲೆಕ್ಕದಲ್ಲಿ ಹಿಂಪಡೆಯಬಹುದು. ತಾಳವಾಡಿ, ಚಾಮರಾಜನಗರ ಕಡೆಯವರು ಕೊಯಮತ್ತೂರಿನಲ್ಲಿ ಕೊಳ್ಳುವುದಾದರೆ ಆ ಕಂಪನಿಯ ಸರ್ವಿಸ್ ಸೆಂಟರ್ ಮೈಸೂರಿನಲ್ಲೂ ಇದೆಯೇ, ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ನಿಮ್ಮ ಪಿನ್‌ಕೋಡಿಗೆ ಅನ್ವಯಿಸುತ್ತದೆಯೇ ಎಂದು ಹಣ ಕೊಡುವ ಮುನ್ನವೇ ಕೇಳಿ. ಒಂದು ಫ್ಯಾನ್ ಬದಲಿಸಲು ದಿಂಬಂ ಘಾಟಿಯ 27 ತಿರುವು ಇಳಿದು, ಕತ್ತಲಾಗುವ ಮುನ್ನ ಮತ್ತೆ ಹತ್ತಿ ಬರುವ ಕಷ್ಟ ಆ ಕಡೆಯವರಿಗೇ ಗೊತ್ತು.