ಬೆಂಗಳೂರಿನ ಉತ್ತರ ಭಾಗದಲ್ಲಿ ಮತದಾರರ ವಿಮುಖತೆ ಮತ್ತು ರಾಜಕೀಯ ಪಕ್ಷಗಳು

ಮತದಾನದ ಹಕ್ಕುಳ್ಳ ನಾಗರಿಕರು ಚುನಾವಣೆಯಿಂದಲೂ ರಾಜಕೀಯ ಪಕ್ಷಗಳಿಂದಲೂ ದೂರ ಉಳಿಯುವ ಸ್ಥಿತಿಯನ್ನು ಮತದಾರರ ವಿಮುಖತೆ ಎನ್ನಲಾಗುತ್ತದೆ. ಕರ್ನಾಟಕದಲ್ಲಿ ಇದು ಮುಖ್ಯವಾಗಿ ಬೆಂಗಳೂರಿನ ಲಕ್ಷಣವೆಂದು ಗುರುತಿಸಲ್ಪಟ್ಟಿದೆ. ನಗರದ ಉತ್ತರ ಅಂಚಿನಲ್ಲಿರುವ ಯಲಹಂಕ, ಅಲ್ಲಾಳಸಂದ್ರ, ಜಕ್ಕೂರು, ಹೆಬ್ಬಾಳಗಳಂತಹ ಪ್ರದೇಶಗಳಲ್ಲಿ ಹಳೆಯ ಗ್ರಾಮ, ಬಡಾವಣೆ, ವಸತಿ ಸಮುಚ್ಚಯ, ಸರ್ಕಾರಿ ಸಂಸ್ಥೆಗಳ ಆವರಣ ಹಾಗೂ ಬಾಡಿಗೆ ಮನೆಗಳು ಒತ್ತೊತ್ತಾಗಿ ಇರುವುದರಿಂದ, ಈ ಸ್ಥಿತಿಯ ಹಲವು ಮುಖಗಳನ್ನು ಇಲ್ಲಿ ಒಟ್ಟಿಗೆ ಕಾಣಬಹುದು.

ಮತದಾನದ ಪ್ರಮಾಣ

2024ರ ಏಪ್ರಿಲ್ 26ರಂದು ನಡೆದ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಉತ್ತರ ಕ್ಷೇತ್ರದಲ್ಲಿ ಶೇ. 54ರಷ್ಟು ಮತದಾನವಾಯಿತು. ಬೆಂಗಳೂರು ಕೇಂದ್ರ ಮತ್ತು ದಕ್ಷಿಣ ಕ್ಷೇತ್ರಗಳ ಪ್ರಮಾಣವೂ ಇದರ ಆಸುಪಾಸಿನಲ್ಲೇ ಇತ್ತು. ಅದೇ ದಿನ ಮತ ಚಲಾಯಿಸಿದ ಮಂಡ್ಯದಲ್ಲಿ ಪ್ರಮಾಣ ಶೇ. 81ನ್ನು ದಾಟಿತು. 2019ರ ಚುನಾವಣೆಯಲ್ಲೂ ಬೆಂಗಳೂರು ಉತ್ತರದ ಪ್ರಮಾಣ ಶೇ. 54ರಿಂದ 55ರ ನಡುವೆಯೇ ನಿಂತಿತ್ತು.

ಈ ಕೊರತೆಗೆ ವಾರಾಂತ್ಯದ ಪ್ರವಾಸವೇ ಕಾರಣವೆಂಬ ವಿವರಣೆ ದೀರ್ಘಕಾಲ ಪ್ರಚಲಿತವಾಗಿತ್ತು. 2018ರ ವಿಧಾನಸಭಾ ಚುನಾವಣೆಯ ಮತದಾನ ಶನಿವಾರ ನಡೆದಿತ್ತು. 2023ರಲ್ಲಿ ಚುನಾವಣಾ ಆಯೋಗವು ನಗರವಾಸಿಗಳ ನಿರಾಸಕ್ತಿಯನ್ನು ಗಮನದಲ್ಲಿರಿಸಿಕೊಂಡು ಉದ್ದೇಶಪೂರ್ವಕವಾಗಿಯೇ ಬುಧವಾರವನ್ನು, ಅಂದರೆ ಮೇ 10ನ್ನು, ಆರಿಸಿತು. ರಾಜ್ಯದ ಒಟ್ಟು ಪ್ರಮಾಣ ಶೇ. 73ನ್ನು ಮೀರಿದರೂ ಬೆಂಗಳೂರು ನಗರದ ಪ್ರಮಾಣ ಹಿಂದಿನ ಮಟ್ಟದಿಂದ ಹೆಚ್ಚು ಅಲುಗಲಿಲ್ಲ. ರಜೆಯ ವಾದವನ್ನು ದುರ್ಬಲಗೊಳಿಸುವುದಕ್ಕೆ ಇದೊಂದು ಪ್ರಯೋಗವೇ ಸಾಕು. ಮತದಾನದ ದಿನ ಸಂಬಳ ಸಹಿತ ರಜೆ ನೀಡಬೇಕೆಂಬ ನಿಯಮವಂತೂ ಪ್ರಜಾಪ್ರತಿನಿಧಿ ಕಾಯಿದೆಯ 135ಬಿ ಕಲಮಿನಲ್ಲಿ ಮೊದಲೇ ಇದೆ.

ಪಟ್ಟಿ ಮತ್ತು ವಿಳಾಸ

ಮತ ಹಾಕದವರೆಲ್ಲರೂ ಆಸಕ್ತಿ ಇಲ್ಲದವರಲ್ಲ. ಮತದಾನದ ಪ್ರಮಾಣವನ್ನು ಲೆಕ್ಕ ಹಾಕುವುದು ಮತದಾರರ ಪಟ್ಟಿಯಲ್ಲಿರುವ ಹೆಸರುಗಳ ಆಧಾರದ ಮೇಲೆ. ಮನೆ ಬದಲಿಸಿದವರ, ಊರು ಬಿಟ್ಟವರ, ನಿಧನರಾದವರ ಹೆಸರು ಪಟ್ಟಿಯಲ್ಲಿ ಉಳಿದಷ್ಟೂ ಪ್ರಮಾಣ ಕಡಿಮೆ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ, ಇಲ್ಲಿಯೇ ವರ್ಷಗಳಿಂದ ವಾಸವಾಗಿದ್ದೂ ಪಟ್ಟಿಗೆ ಸೇರದವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಉತ್ತರ ಬೆಂಗಳೂರಿನಲ್ಲಿ ಈ ಎರಡೂ ಸಮಸ್ಯೆಗಳು ತೀವ್ರವಾಗಿವೆ. ಬಾಡಿಗೆದಾರರು ಸಾಮಾನ್ಯವಾಗಿ ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆ ಹಿಡಿಯುತ್ತಾರೆ, ಆ ಕರಾರು ನೋಂದಣಿಯಾಗುವುದು ವಿರಳ. ಹೊಸದಾಗಿ ಹೆಸರು ಸೇರಿಸುವ ನಮೂನೆ 6ರಲ್ಲಿ ವಿಳಾಸದ ಪುರಾವೆಯಾಗಿ ಹೆಸರಿಸಿರುವುದು ನೋಂದಾಯಿತ ಬಾಡಿಗೆ ಪತ್ರವನ್ನು. ವಿದ್ಯುತ್ ಬಿಲ್ಲು ಮನೆಯ ಮಾಲೀಕರ ಹೆಸರಿನಲ್ಲಿರುತ್ತದೆ, ಆಧಾರ್ ಚೀಟಿಯಲ್ಲಿ ಹುಟ್ಟೂರಿನ ವಿಳಾಸ ಇರುತ್ತದೆ. ಯಾವ ದಾಖಲೆಯೂ ಇಲ್ಲದಿದ್ದಲ್ಲಿ ಅಧಿಕಾರಿ ಸ್ಥಳ ಪರಿಶೀಲನೆ ನಡೆಸಬೇಕೆಂದು ಅದೇ ನಮೂನೆ ಹೇಳುತ್ತದೆ. ಆದರೆ ಈ ಸಂಗತಿ ತಿಳಿದ ಅರ್ಜಿದಾರರು ಕಡಿಮೆ.

ಕ್ಷೇತ್ರಗಳ ಗಡಿಯೂ ಗೊಂದಲಕ್ಕೆ ಎಡೆಮಾಡುತ್ತದೆ. ಯಲಹಂಕ ವಿಧಾನಸಭಾ ಕ್ಷೇತ್ರವು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಅದಕ್ಕೆ ಹೊಂದಿಕೊಂಡಿರುವ ಬ್ಯಾಟರಾಯನಪುರವು ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದ ಭಾಗ. ಹೀಗಾಗಿ ಎರಡು ಮೂರು ಕಿಲೋಮೀಟರು ದೂರದ ಮನೆಗೆ ಸ್ಥಳಾಂತರಗೊಂಡ ಕುಟುಂಬಕ್ಕೆ ಶಾಸಕರೂ ಸಂಸದರೂ ಒಟ್ಟಿಗೆ ಬದಲಾಗಬಹುದು. 2022ರ ಆಗಸ್ಟ್‌ನಿಂದ ಇಂತಹ ಸ್ಥಳಾಂತರಕ್ಕೆ ನಮೂನೆ 8 ಒಂದೇ ಸಾಕಾಗುತ್ತದೆ. ಹದಿನೆಂಟು ತುಂಬಿದವರ ಸೇರ್ಪಡೆಗೆ ಹಿಂದೆ ಜನವರಿ 1 ಮಾತ್ರ ಅರ್ಹತಾ ದಿನವಾಗಿತ್ತು. ಈಗ ಏಪ್ರಿಲ್ 1, ಜುಲೈ 1 ಹಾಗೂ ಅಕ್ಟೋಬರ್ 1 ಕೂಡ ಅರ್ಹತಾ ದಿನಗಳಾಗಿವೆ. ಅಲ್ಲಾಳಸಂದ್ರದ ನೆರೆಯಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದಂತಹ ಕಡೆ ವಸತಿನಿಲಯದಲ್ಲಿರುವ ವಿದ್ಯಾರ್ಥಿಗಳು ಅಲ್ಲಿನ ವಿಳಾಸದಲ್ಲೇ ನೋಂದಾಯಿಸಿಕೊಳ್ಳಲು ಅವಕಾಶವಿದೆ.

ಸದಸ್ಯರಿಲ್ಲದ ಪಾಲಿಕೆ

ಪಕ್ಷ ಮತ್ತು ಮತದಾರ ಅತಿ ಸಮೀಪದಲ್ಲಿ ಸಂಧಿಸುವುದು ಸ್ಥಳೀಯ ಸಂಸ್ಥೆಯ ಹಂತದಲ್ಲಿ. ಕಸ, ಬೀದಿದೀಪ, ಚರಂಡಿ, ಕುಡಿಯುವ ನೀರು ಇವುಗಳಿಗಾಗಿ ಜನರು ಮೊದಲು ಹುಡುಕುವುದು ವಾರ್ಡಿನ ಸದಸ್ಯರನ್ನು, ಶಾಸಕರನ್ನಲ್ಲ. ಯಲಹಂಕ ಮತ್ತು ಬ್ಯಾಟರಾಯನಪುರಗಳಿಗೆ ಒಂದು ಕಾಲದಲ್ಲಿ ಪ್ರತ್ಯೇಕ ನಗರಸಭೆಗಳಿದ್ದವು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಗ್ರಾಮಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಅದರ ಮೊದಲ ಚುನಾವಣೆ ನಡೆದದ್ದು 2010ರಲ್ಲಿ, 198 ವಾರ್ಡುಗಳಿಗೆ. 2011ರ ಜನಗಣತಿಯ ಪ್ರಕಾರ ಸರಾಸರಿ 42,000ಕ್ಕೂ ಹೆಚ್ಚು ಜನರಿಗೆ ಒಬ್ಬ ಸದಸ್ಯರು. 2010 ಮತ್ತು 2015ರ ಎರಡೂ ಪಾಲಿಕೆ ಚುನಾವಣೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಮತದಾರರು ಮತಗಟ್ಟೆಗೆ ಬಂದರು.

2020ರ ಸೆಪ್ಟೆಂಬರ್ 10ರಂದು ಆ ಪಾಲಿಕೆಯ ಅವಧಿ ಮುಗಿಯಿತು. ಆ ಬಳಿಕ ವಾರ್ಡುಗಳ ಮರುವಿಂಗಡಣೆ, ಮೀಸಲಾತಿ, ಹೊಸ ಕಾಯಿದೆ ಎಂದು ಚುನಾವಣೆ ಮುಂದೂಡುತ್ತ ಹೋಯಿತು. ಭಾರತೀಯ ಜನತಾ ಪಕ್ಷ ಮತ್ತು ಕಾಂಗ್ರೆಸ್ ಎರಡರ ಸರ್ಕಾರಗಳೂ ಈ ಅವಧಿಯಲ್ಲಿ ಅಧಿಕಾರದಲ್ಲಿದ್ದವು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದು, ಯಲಹಂಕ ಭಾಗ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿದಾಗಲೂ ಚುನಾಯಿತ ಸದಸ್ಯರು ಇರಲಿಲ್ಲ. 2020ರಲ್ಲಿ ಹದಿನೆಂಟು ತುಂಬಿದ ಅಲ್ಲಾಳಸಂದ್ರದ ನಿವಾಸಿಯೊಬ್ಬರು ಅಷ್ಟು ಹೊತ್ತಿಗೆ ಇಪ್ಪತ್ತಮೂರು ವರ್ಷದವರಾಗಿದ್ದರು, ತಮ್ಮ ವಾರ್ಡಿಗಾಗಿ ಒಮ್ಮೆಯೂ ಮತ ಹಾಕಿರಲಿಲ್ಲ. ಮತದಾರರ ನಿರಾಸಕ್ತಿಯನ್ನು ಕುರಿತ ಪಕ್ಷಗಳ ಹೇಳಿಕೆಗಳಲ್ಲಿ ಈ ಸಂಗತಿ ಅಪರೂಪಕ್ಕೆ ಕಾಣಿಸಿಕೊಳ್ಳುತ್ತದೆ. ಪಾಲಿಕೆ ಚುನಾವಣೆಯನ್ನೇ ಗುರಿಯಾಗಿಟ್ಟುಕೊಂಡು 2019ರಲ್ಲಿ ಸ್ಥಾಪನೆಯಾದ ಬೆಂಗಳೂರು ನವನಿರ್ಮಾಣ ಪಕ್ಷಕ್ಕೆ ಸ್ಪರ್ಧಿಸಲು ಅಂತಹ ಚುನಾವಣೆಯೇ ವರ್ಷಗಟ್ಟಲೆ ಒದಗಲಿಲ್ಲ.

ಪಕ್ಷಗಳ ಹೊರಗಿನ ಸಾರ್ವಜನಿಕ ಬದುಕು

ಮತಗಟ್ಟೆಗೆ ಬಾರದ ನಗರವಾಸಿ ಸಾರ್ವಜನಿಕ ವಿಷಯಗಳಿಂದಲೂ ದೂರವಿದ್ದಾನೆ ಎಂಬ ತೀರ್ಮಾನಕ್ಕೆ ಉತ್ತರ ಬೆಂಗಳೂರಿನ ಇತಿಹಾಸವೇ ಅಡ್ಡಬರುತ್ತದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆಯನ್ನು ರಾಜ್ಯ ಸರ್ಕಾರ ಯೋಜಿಸಿತು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ. 800ಕ್ಕೂ ಹೆಚ್ಚು ಮರಗಳನ್ನು ಕಡಿಯಬೇಕಾಗಿತ್ತು. ‘ಉಕ್ಕಿನ ಸೇತುವೆ ಬೇಡ’ ಎಂಬ ಘೋಷಣೆಯೊಂದಿಗೆ ಅದೇ ವರ್ಷದ ಅಕ್ಟೋಬರ್ 16ರಂದು ನಾಗರಿಕರು ಬಳ್ಳಾರಿ ರಸ್ತೆಯ ಉದ್ದಕ್ಕೂ ಮಾನವ ಸರಪಳಿ ರಚಿಸಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಆ ದಿನ ಭಾನುವಾರವಾಗಿತ್ತು ಎಂಬುದನ್ನು ವಾರಾಂತ್ಯದ ವಾದವನ್ನು ಮುಂದಿಡುವವರು ಗಮನಿಸಬಹುದು.

ಕೆರೆಗಳ ವಿಷಯದಲ್ಲಿಯೂ ಹೀಗೆಯೇ. ‘ಸಂದ್ರ’ ಎಂದು ಕೊನೆಗೊಳ್ಳುವ ಊರಹೆಸರುಗಳನ್ನು ಕೆರೆ ಎಂಬ ಅರ್ಥದ ‘ಸಮುದ್ರ’ ಪದದೊಂದಿಗೆ ಜೋಡಿಸಲಾಗುತ್ತದೆ, ಅಲ್ಲಾಳಸಂದ್ರಕ್ಕೂ ತನ್ನ ಕೆರೆಯಿದೆ. ಪಕ್ಕದ ಜಕ್ಕೂರು ಕೆರೆಯನ್ನು ನೋಡಿಕೊಳ್ಳುವ ಕೆಲಸದಲ್ಲಿ ಸ್ಥಳೀಯರ ಗುಂಪುಗಳು ತೊಡಗಿಕೊಂಡಿವೆ. ನಿವಾಸಿಗಳ ಸಂಘಗಳು ಒಳಚರಂಡಿ, ರಾಜಕಾಲುವೆ, ಕಸ ವಿಂಗಡಣೆಗಳ ಬಗ್ಗೆ ಅಧಿಕಾರಿಗಳೊಂದಿಗೆ ನೇರವಾಗಿ ವ್ಯವಹರಿಸುತ್ತವೆ. ಇಲ್ಲಿ ಕಡಿದುಹೋಗಿರುವುದು ಆಸಕ್ತಿಯಲ್ಲ, ಆಸಕ್ತಿಗೂ ಪಕ್ಷಕ್ಕೂ ನಡುವಿನ ಕೊಂಡಿ. ಇಂತಹ ಸಂಘಗಳು ತಮ್ಮನ್ನು ಪಕ್ಷಾತೀತವೆಂದು ಕರೆದುಕೊಳ್ಳುವುದು ಪಕ್ಷಗಳ ಮೇಲಿನ ಅವಿಶ್ವಾಸದ ಸೌಮ್ಯ ರೂಪವೇ ಆಗಿದೆ. ಇದಕ್ಕೊಂದು ಮಿತಿಯೂ ಇದೆ: ಮನೆಗೆಲಸದವರು, ಕಟ್ಟಡ ಕಾರ್ಮಿಕರು, ಕಾವಲುಗಾರರು ಈ ಸಂಘಗಳ ಸದಸ್ಯರಲ್ಲ. ಅವರಲ್ಲಿ ಅನೇಕರ ಮತ ಬೇರೆ ಜಿಲ್ಲೆಯಲ್ಲೋ ನೆರೆರಾಜ್ಯದಲ್ಲೋ ಇರುತ್ತದೆ.

ಸಂಪರ್ಕದ ವಿಧಾನಗಳು

ಮತದಾನದ ಜಾಗೃತಿಗಾಗಿ ನಡೆಯುವ ಓಟ, ಜಾಥಾ, ಶಾಯಿ ಹಚ್ಚಿದ ಬೆರಳು ತೋರಿಸಿದವರಿಗೆ ಹೋಟೆಲುಗಳು ನೀಡುವ ಉಚಿತ ತಿಂಡಿ ಮುಂತಾದವು ಪಟ್ಟಿಯಲ್ಲಿ ಹೆಸರಿದ್ದು ಸೋಮಾರಿತನದಿಂದ ಮನೆಯಲ್ಲಿ ಕುಳಿತವರಿಗೆ ಮಾತ್ರ ಅನ್ವಯಿಸುತ್ತವೆ. ಹೆಸರೇ ಇಲ್ಲದವರಿಗೂ, ಮತದಿಂದ ಏನೂ ಬದಲಾಗದೆಂದು ನಂಬಿದವರಿಗೂ ಅವುಗಳಿಂದ ಪ್ರಯೋಜನವಿಲ್ಲ.

ಮನೆ ಬಾಗಿಲಿನ ಭೇಟಿಯ ಪರಿಣಾಮದ ಬಗ್ಗೆ ಪ್ರಸಿದ್ಧವಾದ ಪ್ರಯೋಗವೊಂದನ್ನು ಆಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಅವರು 1998ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ನಡೆಸಿದರು. ಮುಖಾಮುಖಿ ಭೇಟಿ ಮತದಾನವನ್ನು ಗಣನೀಯವಾಗಿ ಹೆಚ್ಚಿಸಿತು, ಅಂಚೆಯ ಪತ್ರಗಳು ಅಲ್ಪಸ್ವಲ್ಪ ಹೆಚ್ಚಿಸಿದವು, ದೂರವಾಣಿ ಕರೆಗಳು ಬಹುತೇಕ ಏನನ್ನೂ ಮಾಡಲಿಲ್ಲ. ಅಲ್ಲಿ ತಲುಪಿಸಿದ ಸಂದೇಶ ಪಕ್ಷಾತೀತವಾಗಿತ್ತು. ಹಾಗಾಗಿ ಫಲಿತಾಂಶವನ್ನು ಪಕ್ಷ ಪ್ರಚಾರಕ್ಕೆ ಯಥಾವತ್ತಾಗಿ ಅನ್ವಯಿಸಲಾಗದು. ಮುದ್ರಿತ ಧ್ವನಿಯ ಕರೆಗಳು ಮತ್ತು ವಾಟ್ಸ್ಆ್ಯಪ್ ಸಂದೇಶಗಳ ಮೇಲೆ ಪಕ್ಷಗಳು ಇಟ್ಟಿರುವ ಭರವಸೆಯನ್ನು ಮರುಪರಿಶೀಲಿಸಲು ಮಾತ್ರ ಅದು ಸಾಕಷ್ಟು ಕಾರಣ ಒದಗಿಸುತ್ತದೆ.

ಕರ್ನಾಟಕದ ಪಕ್ಷಗಳಿಗೆ ಬಾಗಿಲಿನ ಭೇಟಿ ಹೊಸದಲ್ಲ. ಪಟ್ಟಿಯ ಒಂದೊಂದು ಪುಟಕ್ಕೆ ಒಬ್ಬ ಕಾರ್ಯಕರ್ತರನ್ನು ನೇಮಿಸುವ ಪೇಜ್ ಪ್ರಮುಖ್ ಪದ್ಧತಿಯನ್ನು ಭಾರತೀಯ ಜನತಾ ಪಕ್ಷ ರೂಢಿಸಿಕೊಂಡಿದೆ. 2023ರಲ್ಲಿ ಕಾಂಗ್ರೆಸ್ ಪಕ್ಷವು ತನ್ನ ಗ್ಯಾರಂಟಿ ಕಾರ್ಡುಗಳನ್ನು ಮನೆಮನೆಗೆ ಹಂಚಿತು. ಎರಡೂ ಕಡೆ ಕೊರತೆ ಒಂದೇ: ಭೇಟಿ ಪಟ್ಟಿಯಲ್ಲಿರುವವರಿಗೆ ಸೀಮಿತ, ಮತ್ತು ಬಹುಮಟ್ಟಿಗೆ ಚುನಾವಣೆಯ ಕಾಲಕ್ಕೆ ಸೀಮಿತ. ವಸತಿ ಸಮುಚ್ಚಯಗಳ ಗೇಟು ದಾಟುವುದೂ ಸುಲಭವಲ್ಲ. ಅಪರಿಚಿತರು ಬಂದು ವಿವರ ಕೇಳುವುದರ ಬಗ್ಗೆ ಜನರಲ್ಲಿದ್ದ ಅಂಜಿಕೆ 2022ರ ನವೆಂಬರ್‌ನ ನಂತರ ಇನ್ನಷ್ಟು ಗಟ್ಟಿಯಾಗಲು ಕಾರಣವಿತ್ತು. ಮತದಾರರ ಜಾಗೃತಿಗೆಂದು ಪಾಲಿಕೆಯ ಅನುಮತಿ ಪಡೆದಿದ್ದ ಚಿಲುಮೆ ಎಂಬ ಸಂಸ್ಥೆಯವರು ಮತಗಟ್ಟೆ ಅಧಿಕಾರಿಗಳ ಸೋಗಿನಲ್ಲಿ ಮತದಾರರ ಮಾಹಿತಿ ಸಂಗ್ರಹಿಸಿದರೆಂಬ ಆರೋಪ ಆಗ ಹೊರಬಂದಿತು. ಬಳಿಕ ಶಿವಾಜಿನಗರ, ಚಿಕ್ಕಪೇಟೆ ಮತ್ತು ಮಹದೇವಪುರ ಕ್ಷೇತ್ರಗಳ ಪಟ್ಟಿಯ ಸೇರ್ಪಡೆ ಹಾಗೂ ಅಳಿಸುವಿಕೆಗಳನ್ನು ಪುನಃ ಪರಿಶೀಲಿಸಲು ಚುನಾವಣಾ ಆಯೋಗ ಆದೇಶಿಸಿತು.

ಪಕ್ಷವೊಂದು ವರ್ಷವಿಡೀ ಕಾನೂನುಬದ್ಧವಾಗಿ ಮಾಡಬಹುದಾದ ಕೆಲಸಕ್ಕೆ ಒಂದು ಹುದ್ದೆ ಈಗಾಗಲೇ ಇದೆ. ಮಾನ್ಯತೆ ಪಡೆದ ಪಕ್ಷಗಳು ಪ್ರತಿ ಮತಗಟ್ಟೆಗೆ ಒಬ್ಬ ಮತಗಟ್ಟೆ ಮಟ್ಟದ ಏಜೆಂಟರನ್ನು ನೇಮಿಸಬಹುದು. ಅವರು ಕರಡು ಪಟ್ಟಿಯನ್ನು ಪರಿಶೀಲಿಸಬಹುದು, ತಮ್ಮ ಭಾಗದ ನಿವಾಸಿಗಳ ಅರ್ಜಿಗಳನ್ನು ಮತಗಟ್ಟೆ ಅಧಿಕಾರಿಗೆ ತಲುಪಿಸಬಹುದು, ದಾಖಲೆ ಇಲ್ಲದ ಬಾಡಿಗೆದಾರರ ಪರವಾಗಿ ಸ್ಥಳ ಪರಿಶೀಲನೆಗೆ ಒತ್ತಾಯಿಸಬಹುದು. ಮನೆಯಿಂದಲೇ ಮತ ಚಲಾಯಿಸಲು ಅವಕಾಶವಿರುವ ಅತಿ ಹಿರಿಯರಿಗೆ ಮತ್ತು ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಉಳ್ಳವರಿಗೆ ನಮೂನೆ 12ಡಿ ಕುರಿತು ತಿಳಿಸಬಹುದು. ಈ ಸೌಲಭ್ಯದ ವಯೋಮಿತಿ 2023ರಲ್ಲಿ 80 ಇದ್ದುದು 2024ರಲ್ಲಿ 85 ಆಯಿತು. ಈ ಏಜೆಂಟರು ಅದೇ ಮತಗಟ್ಟೆಯ ವ್ಯಾಪ್ತಿಯ ಮತದಾರರಾಗಿರಬೇಕೆಂಬುದು ಆಯೋಗದ ಸಾಮಾನ್ಯ ನಿಯಮ. ಅಂದರೆ, ಬಾಗಿಲು ತಟ್ಟುವವರು ನೆರೆಮನೆಯವರೇ ಆಗಿರುತ್ತಾರೆ.